ತ್ರಿಜ್ಯ ಇರುವಾಗ ಅಪೋಥೆಮ್ ಏಕೆ?

ಈ ಪ್ರಶ್ನೆಯನ್ನು ಮನೆಪಾಠದ ಮಕ್ಕಳಿಗಿಂತ ಅವರ ತಂದೆತಾಯಂದಿರೇ ಹೆಚ್ಚಾಗಿ ಕೇಳುತ್ತಾರೆ, ಅದರಲ್ಲೂ ಅಮೆರಿಕದಲ್ಲಿರುವ ಕನ್ನಡಿಗರು. ಅಲ್ಲಿನ ಪ್ರೌಢಶಾಲೆಯ ಜ್ಯಾಮಿತಿಯಲ್ಲಿ ಅಪೋಥೆಮ್ ಮೇಲಿಂದ ಮೇಲೆ ಬರುತ್ತದೆ. ಇಲ್ಲಿ ಓದಿ ಎಂಜಿನಿಯರ್ ಆಗಿ ಹೋದ ಅಪ್ಪನಿಗೆ ಆ ಪದವೇ ಹೊಸದು. ಮಗಳ ಎದುರು ಹಾಗೆಂದು ಒಪ್ಪಿಕೊಳ್ಳಲು ಸಂಕೋಚ. ಅವರಿಗೆ ರಾತ್ರಿಯಾಗಿ ನಾನು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಸಂದೇಶ ಬರುತ್ತದೆ: "ಸರ್, ಅಪೋಥೆಮ್ ಎಂದರೆ ತ್ರಿಜ್ಯವೇ ತಾನೇ?"

ಅಲ್ಲ. ನಿಯಮಿತ ಬಹುಭುಜದ, ಅಂದರೆ ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮವಾಗಿರುವ ಆಕೃತಿಯ, ಕೇಂದ್ರದಿಂದ ಮೂಲೆಗೆ ಎಳೆದ ಗೆರೆ ತ್ರಿಜ್ಯ. ಅದೇ ಕೇಂದ್ರದಿಂದ ಬಾಹುವಿನ ನಟ್ಟನಡುವಿಗೆ ಇಳಿಸಿದ ಲಂಬ ಅಪೋಥೆಮ್. ನನ್ನ ಅನುಕೂಲಕ್ಕೆ ನಾನು ಅದನ್ನು ಕೇಂದ್ರಲಂಬ ಎನ್ನುತ್ತೇನೆ. ತ್ರಿಜ್ಯ ಮೂಲೆ ಮುಟ್ಟುತ್ತದೆ, ಕೇಂದ್ರಲಂಬ ಗೋಡೆ ಮುಟ್ಟುತ್ತದೆ. ಆದ್ದರಿಂದ ಎರಡನೆಯದು ಯಾವಾಗಲೂ ಗಿಡ್ಡ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ಮರೆಯುತ್ತಾರೆ. ಅದಕ್ಕೇ ನಾನು ಗ್ಯಾರೇಜಿನ ಮಾತು ತೆಗೆಯುತ್ತೇನೆ. ಮೆಕ್ಯಾನಿಕ್ "ಹದಿನೇಳು ನಂಬರ್ ಸ್ಪ್ಯಾನರ್ ಕೊಡು" ಎನ್ನುತ್ತಾನಲ್ಲ, ಆ 17 ಎಲ್ಲಿಯ ಅಳತೆ? ಆರು ಮುಖದ ನಟ್ಟಿನಲ್ಲಿ ಎದುರುಬದುರಾಗಿರುವ ಎರಡು ಚಪ್ಪಟೆ ಮುಖಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಅದರ ಅರ್ಧ, ಎಂಟೂವರೆ ಮಿಲಿಮೀಟರ್, ಆ ನಟ್ಟಿನ ಅಪೋಥೆಮ್. ಅದೇ ನಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 19.6 ಬರುತ್ತದೆ. ಆ ಲೆಕ್ಕ ನಂಬಿ ಇಪ್ಪತ್ತು ನಂಬರಿನದನ್ನು ತಂದರೆ ಸ್ಪ್ಯಾನರ್ ಸುತ್ತುತ್ತದೆ, ನಟ್ಟು ಕದಲುವುದಿಲ್ಲ. ಪದ ಗೊತ್ತಿಲ್ಲದೆಯೂ ದಿನವಿಡೀ ಅಪೋಥೆಮ್ಮಿನಲ್ಲೇ ಕೆಲಸ ಮಾಡುವವನು ಆ ಮೆಕ್ಯಾನಿಕ್!

ಇನ್ನು ವಿಸ್ತೀರ್ಣ. ಉದ್ಯಾನದಲ್ಲಿ ಆರು ಮೂಲೆಯ ಮಂಟಪವಿದೆ, ಪ್ರತಿ ಬಾಹು 2 ಮೀಟರ್ ಎನ್ನೋಣ. ನೆಲಕ್ಕೆ ಕಲ್ಲು ಹಾಸಬೇಕು. ಕೇಂದ್ರದಿಂದ ಎಲ್ಲ ಮೂಲೆಗಳಿಗೂ ಗೆರೆ ಎಳೆದರೆ ಒಂದೇ ಅಳತೆಯ ಆರು ತ್ರಿಭುಜಗಳಾಗುತ್ತವೆ. ಪ್ರತಿಯೊಂದರ ಪಾದ ಮಂಟಪದ ಒಂದು ಬಾಹು. ಎತ್ತರವೇ ಅಪೋಥೆಮ್, ಇಲ್ಲಿ 1.732 ಮೀಟರ್. ಆರೂ ಪಾದಗಳನ್ನು ಕೂಡಿಸಿದರೆ ಸುತ್ತಳತೆ, 12 ಮೀಟರ್. ಸುತ್ತಳತೆಯ ಅರ್ಧವನ್ನು ಅಪೋಥೆಮ್ಮಿನಿಂದ ಗುಣಿಸಿದರೆ ಸುಮಾರು 10.4 ಚದರ ಮೀಟರ್. ಮಕ್ಕಳು ಉರುಹೊಡೆಯುವ ಸೂತ್ರದ ಹಿಂದೆ ಇರುವುದು ನಾವು ಏಳನೆಯ ತರಗತಿಯ ಸುಮಾರಿಗೆ ಕಲಿತ ತ್ರಿಭುಜದ ವಿಸ್ತೀರ್ಣ ಮಾತ್ರ. ತ್ರಿಜ್ಯವನ್ನು ಎತ್ತರವೆಂದು ಭಾವಿಸಿದರೆ 12 ಚದರ ಮೀಟರ್ ಬರುತ್ತದೆ. ಒಂದೂವರೆ ಚದರ ಮೀಟರಿಗೂ ಮಿಕ್ಕಿ ಕಲ್ಲು ಮೂಲೆಯಲ್ಲಿ ಬಿದ್ದಿರುತ್ತದೆ. ಆರು ಬಾಹುಗಳ ಆಕೃತಿಯಲ್ಲಿ ತ್ರಿಜ್ಯವೂ ಬಾಹುವೂ ಸಮ. ಹೀಗಾಗಿ ಈ ತಪ್ಪು ಇನ್ನೂ ಸುಲಭ, ಎರಡೂ ಕಡೆ 2 ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ.

ಬಾಹುಗಳನ್ನು ಹೆಚ್ಚಿಸುತ್ತಾ ಹೋದರೆ ಅಪೋಥೆಮ್ ಮತ್ತು ತ್ರಿಜ್ಯದ ಅಂತರ ಕರಗುತ್ತದೆ. ಆರ್ಕಿಮಿಡೀಸ್ ಪೈ ಬೆಲೆಯನ್ನು ಹಿಡಿಯಲು 96 ಬಾಹುಗಳ ಆಕೃತಿಯವರೆಗೆ ಹೋದ. ಅದರ ತ್ರಿಜ್ಯ 1 ಮೀಟರ್ ಇದ್ದರೆ ಅಪೋಥೆಮ್ ಕೇವಲ ಅರ್ಧ ಮಿಲಿಮೀಟರಿನಷ್ಟು ಕಡಿಮೆ. ಪೂರ್ತಿ ವೃತ್ತವಾದಾಗ ಎರಡೂ ಒಂದೇ. ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ ಎಂದು ಆರ್ಯಭಟ ಹೇಳುವುದು ಇದೇ ಲೆಕ್ಕವನ್ನು. ಪೈ ಆರ್ ಸ್ಕ್ವೇರ್ ಎಲ್ಲಿಂದ ಬಂತೆಂದು ನನಗೆ ಶಾಲೆಯಲ್ಲಿ ಯಾರೂ ಹೀಗೆ ತೋರಿಸಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಕೊನೆಗೊಂದು ಎಚ್ಚರಿಕೆ. ಎದುರು ಬಾಹುಗಳ ನಡುವೆ ಟೇಪು ಹಿಡಿದು ಅರ್ಧ ಮಾಡುವ ಉಪಾಯ ಬಾಹುಗಳ ಸಂಖ್ಯೆ ಸಮವಾಗಿದ್ದಾಗ ಮಾತ್ರ ನಡೆಯುತ್ತದೆ. ಐದು ಬಾಹುಗಳಿದ್ದರೆ ಬಾಹುವಿನ ಎದುರಿಗೆ ಬಾಹುವಿಲ್ಲ, ಮೂಲೆಯಿದೆ. ಆಗ ಟೇಪು ಹೇಳುವುದು ಅಪೋಥೆಮ್ ಮತ್ತು ತ್ರಿಜ್ಯ ಎರಡೂ ಸೇರಿದ ಅಳತೆ. ಅಲ್ಲಿ ಬಾಹುವಿನ ಉದ್ದವನ್ನು 0.688ರಿಂದ ಗುಣಿಸಿಬಿಡಿ. ಆ ಸಂಖ್ಯೆ ಎಲ್ಲಿಂದ ಬಂತೆಂದು ಮಗಳು ಕೇಳಿದರೆ, 36 ಡಿಗ್ರಿಯ ಟ್ಯಾಂಜೆಂಟ್ ತೆಗೆದು ಅದರ ಎರಡರಷ್ಟರಿಂದ ಒಂದನ್ನು ಭಾಗಿಸಲು ಹೇಳಿ.