ಸ್ಕ್ರೂಡ್ರೈವರ್ ಇಲ್ಲದ ಮಂಗಳವಾರ

22 ಅಕ್ಟೋಬರ್ 2024, ಮಂಗಳವಾರ. ರಾತ್ರಿ ಹತ್ತೂಮುಕ್ಕಾಲು. ರಾಜಾಜಿನಗರ, ಅಕ್ಕನ ಮನೆ.

ಮಳೆ ಇನ್ನೂ ಬಿಟ್ಟಿಲ್ಲ. ಯಲಹಂಕದ ಕಡೆ ಅಪಾರ್ಟ್‌ಮೆಂಟ್ ಒಳಗೇ ನೀರು ನುಗ್ಗಿದೆ ಅಂತ ಟಿವಿಯಲ್ಲಿ ತೋರಿಸುತ್ತಿದ್ದಾರೆ. ಬೆಳಿಗ್ಗೆ ಪೀಣ್ಯಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ನನ್ನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅದರಲ್ಲೇ ಸಂಜೆವರೆಗೆ ಎಸಿ ರೂಮಲ್ಲಿ ಕೂತಿದ್ದೆ. ಈಗ ಸೀನು ಶುರುವಾಗಿದೆ.

ಕಲರ್ ಕಾಪಿಯರ್ ಟ್ರೇನಿಂಗಿನ ಎರಡನೇ ದಿನ ಇವತ್ತು. ಒಟ್ಟು ಐದು ದಿನ. ಯಾರು ನಡೆಸೋದು ಅಂತ ಇಲ್ಲಿ ಬರೆಯೋದಿಲ್ಲ, ಬೇಡ. ಹನ್ನೆರಡು ಜನ ಇದ್ದೇವೆ. ಹುಬ್ಬಳ್ಳಿಯವರು ಇಬ್ಬರು, ಕಲಬುರಗಿಯವನೊಬ್ಬ, ಮಂಗಳೂರಿನವನೊಬ್ಬ, ಮೈಸೂರಿನಿಂದ ಬಂದ ಒಬ್ಬ ಹುಡುಗಿ, ಉಳಿದವರೆಲ್ಲ ಇಲ್ಲಿಯವರೇ. ವಯಸ್ಸಿನಲ್ಲಿ ನಾನೇ ದೊಡ್ಡವನು ಅಂತ ಕಾಣುತ್ತೆ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷದಿಂದ ಝೆರಾಕ್ಸ್ ಮೆಷಿನ್ ರಿಪೇರಿ ಮಾಡ್ತಿದ್ದೀನಿ. ಕಪ್ಪು-ಬಿಳುಪಿನ ಮೆಷಿನ್ ಆದರೆ ಅಂಗಡಿ ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿ ಹಾಳೆ ಎಳೆಯೋ ಪಿಕಪ್ ರೋಲರ್ ಸವೆದಿದೆಯೋ, ಪುಡಿಯನ್ನು ಬಿಸಿಮಾಡಿ ಹಾಳೆಗೆ ಅಂಟಿಸೋ ಫ್ಯೂಸರಿನ ಗೇರ್ ಹಲ್ಲು ಹೋಗಿದೆಯೋ ಹೇಳ್ತೀನಿ. ಕಲರ್ ಬಂದ ಮೇಲೆ ಆ ಜಂಬ ಸ್ವಲ್ಪ ಇಳಿದಿದೆ. ಎಲ್ಲರೂ ಸೆಕೆಂಡ್ ಹ್ಯಾಂಡ್ ಕಲರ್ ಮೆಷಿನ್ ತಂದಿಟ್ಟುಕೊಂಡರು. ನಮಗೆ ಅದನ್ನು ಹೇಳಿಕೊಟ್ಟವರು ಯಾರೂ ಇಲ್ಲ. ಯೂಟ್ಯೂಬ್ ನೋಡಿಕೊಂಡು, ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಕಾಲ ತಳ್ಳಿದ್ದು.

ಬಾಗಿಲಲ್ಲೇ ಟ್ರೇನರ್ ಒಂದು ಖಾಲಿ ಸ್ವೀಟ್ ಡಬ್ಬ ಹಿಡಿದು ನಿಂತಿದ್ದರು. "ಸ್ಕ್ರೂಡ್ರೈವರ್ ಎಲ್ಲ ಇದರಲ್ಲಿ ಹಾಕಿ. ಸಂಜೆ ತಗೊಂಡು ಹೋಗಿ" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ನನ್ನದು ಉದ್ದ ಕಡ್ಡಿಯ ಸ್ಟಾರ್, ತುದಿಗೆ ಮ್ಯಾಗ್ನೆಟ್ ಇರೋದು, ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟಿದ್ದು. ಅದನ್ನು ಮೈಸೂರ್‌ಪಾಕ್ ವಾಸನೆ ಬರುವ ಡಬ್ಬದಲ್ಲಿ ಹಾಕೋಕೆ ಕೈ ಬರಲಿಲ್ಲ. ಹಾಕಿದೆ. ಬದಲಿಗೆ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಸ್ಕೇಲ್ ಕೊಟ್ಟರು, ಮೂವತ್ತು ಸೆಂಟಿಮೀಟರಿನದು. "ಬಿಚ್ಚೋದು ನಿಮಗೆಲ್ಲ ಚೆನ್ನಾಗಿ ಬರುತ್ತೆ. ಇವತ್ತು ಬರೀ ನೋಡೋದು."

ಆಮೇಲೆ ಬೋರ್ಡ್ ಮೇಲೆ 10-22-38 ಅಂತ ಬರೆದರು. ಏನೋ ಪಾರ್ಟ್ ನಂಬರ್ ಇರಬೇಕು ಅಂತ ನಾನು ನೋಟ್‌ಬುಕ್ಕಿಗೆ ಇಳಿಸಿಯೂ ಬಿಟ್ಟೆ. ನೋಡಿದರೆ ಅದು ತಾರೀಖು! ಅಮೆರಿಕದವರು ತಿಂಗಳು ಮೊದಲು ಬರೀತಾರಲ್ಲ, ಹಾಗೆ. 1938ರ ಅಕ್ಟೋಬರ್ 22, ಅಂದರೆ ಇವತ್ತಿಗೆ ಸರಿಯಾಗಿ 86 ವರ್ಷ. ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಒಂದು ಬಾಡಿಗೆ ರೂಮು. ಚೆಸ್ಟರ್ ಕಾರ್ಲ್‌ಸನ್ ಅಂತ ಪೇಟೆಂಟ್ ಕೆಲಸದ ಮನುಷ್ಯ, ಜೊತೆಗೆ ಆಸ್ಟ್ರಿಯಾದಿಂದ ಬಂದ ಓಟ್ಟೊ ಕೊರ್ನೈ ಅನ್ನೋ ಸಹಾಯಕ. ಸತುವಿನ ತಗಡಿಗೆ ಗಂಧಕ ಬಳಿದು, ಬಟ್ಟೆಯಿಂದ ತಿಕ್ಕಿ ಕರೆಂಟು ಹಿಡಿಸಿ, ಇದೇ ತಾರೀಖು ಬರೆದ ಗಾಜಿನ ಚೂರು ಅದರ ಮೇಲಿಟ್ಟು ಬೆಳಕು ಬಿಟ್ಟರು. ಪುಡಿ ಉದುರಿಸಿ ಊದಿದರೆ ಅಕ್ಷರ ಮಾತ್ರ ಉಳೀತು. ಮೇಣದ ಕಾಗದ ಒತ್ತಿ ತೆಗೆದರು. ಅದೇ ಮೊದಲ ಝೆರಾಕ್ಸ್. ಅದು ಗುಂಡಿ ಒತ್ತಿದರೆ ಸಾದಾ ಹಾಳೆ ಮೇಲೆ ತಾನಾಗೇ ಕಾಪಿ ಕೊಡುವ ಆಫೀಸ್ ಮೆಷಿನ್ ಆಗೋಕೆ 1959 ಆಗಬೇಕಾಯ್ತು. 914 ಅಂತ ಹೆಸರು, 9 ಇಂಚು 14 ಇಂಚಿನ ಹಾಳೆವರೆಗೂ ತಗೊಳ್ಳುತ್ತಿತ್ತು ಅಂತ. ಕಾಗದಕ್ಕೆ ಬೆಂಕಿ ಹತ್ತುತ್ತೆ ಅನ್ನೋ ಭಯಕ್ಕೆ ಮೆಷಿನ್ ಜೊತೆಗೇ ಒಂದು ಪುಟ್ಟ ಫೈರ್ ಎಕ್ಸ್‌ಟಿಂಗ್ವಿಷರ್ ಕೊಡ್ತಿದ್ದರಂತೆ. ಇದನ್ನು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ, ಫ್ಯೂಸರಿನಲ್ಲಿ ಹೊಗೆ ಬರಿಸಿದವನು ನಾನೊಬ್ಬನೇ ಅಲ್ಲ.

ಈಗ ವಿಷಯ. ಹಳೇ ಮೆಷಿನ್ನಿನಲ್ಲಿ ಒಂದೇ ಡ್ರಮ್, ಅಂದರೆ ಚಿತ್ರ ಮೂಡೋ ಉರುಳೆ. ಡ್ರಮ್ಮಿನಿಂದ ನೇರ ಕಾಗದಕ್ಕೆ. ಕಲರ್‌ನಲ್ಲಿ ನಾಲ್ಕು ಡ್ರಮ್ ಸಾಲಾಗಿ ಕೂತಿರುತ್ತವೆ: ಹಳದಿ, ಮಜೆಂಟಾ (ಗುಲಾಬಿ ಕೆಂಪು), ಸಯಾನ್ (ತಿಳಿನೀಲಿ), ಕಪ್ಪು. ನಾಲ್ಕೂ ತಮ್ಮ ತಮ್ಮ ಚಿತ್ರವನ್ನು ಒಂದು ಬೆಲ್ಟ್ ಮೇಲೆ ಒಂದರ ಮೇಲೊಂದು ಇಡುತ್ತವೆ, ಆಮೇಲೆ ಬೆಲ್ಟ್ ಅಷ್ಟನ್ನೂ ಒಟ್ಟಿಗೆ ಕಾಗದಕ್ಕೆ ದಾಟಿಸುತ್ತೆ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅಂದರೆ, ತೊಂದರೆ ಎಲ್ಲಿದೆ ಅಂತ ಬಿಚ್ಚದೇ ಹಿಡಿಯೋದು ಹೇಗೆ ಅನ್ನೋದು. ನನ್ನ ಪದ್ಧತಿ ಏನಿತ್ತು? ಮಜೆಂಟಾ ಸರಿ ಬರ್ತಿಲ್ಲವಾ, ಮಜೆಂಟಾ ಡ್ರಮ್ ಬದಲಾಯಿಸು. ಹೋಗಲಿಲ್ಲವಾ, ಡ್ರಮ್ಮಿಗೆ ಬಣ್ಣದ ಪುಡಿ ಹಚ್ಚೋ ಡೆವಲಪರ್ ಬದಲಾಯಿಸು. ಆಗಲೂ ಹೋಗಲಿಲ್ಲವಾ, ಬೆಲ್ಟ್. ಕೊನೆಗೆ ಯಾವುದರಿಂದ ಸರಿಹೋಯ್ತು ಅಂತ ನನಗೂ ಗೊತ್ತಿರುತ್ತಿರಲಿಲ್ಲ. ಅಂಗಡಿಯವನಿಗೆ ಬಿಲ್ ಮಾತ್ರ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಊಟ ಆದ ಮೇಲೆ ಆರು ಮೆಷಿನ್, ಎಲ್ಲವನ್ನೂ ಬೇಕಂತಲೇ ಕೆಡಿಸಿಟ್ಟಿದ್ದರು. ಇಬ್ಬಿಬ್ಬರಿಗೆ ಒಂದು. ನನ್ನ ಜೊತೆ ಮೈಸೂರಿನ ಹುಡುಗಿ. ನಮ್ಮ ಮೆಷಿನ್ನಿನಲ್ಲಿ ಆಕಾಶದ ಫೋಟೊ ಹೊಡೆದರೆ ಎಡಗಡೆ ಸರಿಯಾದ ನೀಲಿ, ಬಲಗಡೆ ಹೋಗ್ತಾ ಹೋಗ್ತಾ ತೆಳ್ಳಗೆ. ನಾನು ನೋಡಿದ ತಕ್ಷಣ "ಸಯಾನ್ ಡೆವಲಪರ್ ಒಂದು ಕಡೆ ಕಮ್ಮಿಯಾಗಿದೆ" ಅಂದೆ. ಅವಳು ಏನೂ ಹೇಳಲಿಲ್ಲ. ರಿಪೇರಿಯವರಿಗೆ ಅಂತ ಇರೋ ಸರ್ವಿಸ್ ಮೋಡ್‌ಗೆ ಹೋಗಿ ಬರೀ ಸಯಾನ್ ತುಂಬಿದ ಒಂದು ಪೇಜ್ ಕೊಟ್ಟಳು, ಕಾಗದ ಅರ್ಧ ದಾರಿಯಲ್ಲಿ ಇದೆ ಅನ್ನುವಾಗ ಫಟ್ ಅಂತ ಮುಂದಿನ ಬಾಗಿಲು ತೆಗೆದಳು. ಮೆಷಿನ್ ಅಲ್ಲೇ ನಿಂತಿತು. ಜಾಮ್ ಅಂತ ಕೂಗಿಕೊಂಡಿತು.

ಇದೇ ಪಾಠ. ಮೆಷಿನ್ ಹಾಗೆ ಮಧ್ಯದಲ್ಲಿ ನಿಂತಾಗ ಚಿತ್ರ ಎಲ್ಲೆಲ್ಲಿ ಇತ್ತೋ ಅಲ್ಲಲ್ಲೇ ಉಳಿದಿರುತ್ತೆ. ಡ್ರಮ್ ಮೇಲೆ ಸ್ವಲ್ಪ, ಬೆಲ್ಟ್ ಮೇಲೆ ಸ್ವಲ್ಪ, ಕಾಗದದ ಮೇಲೆ ಸ್ವಲ್ಪ. ಮೊದಲು ಬೆಲ್ಟ್ ನೋಡಿದೆವು. ಅಲ್ಲೂ ಬಲಗಡೆ ತೆಳು. ಹಾಗಾದರೆ ಕಾಗದದ್ದೂ ಅಲ್ಲ, ಕಾಗದಕ್ಕೆ ದಾಟಿಸೋ ರೋಲರಿನದೂ ಅಲ್ಲ, ಅದಕ್ಕಿಂತ ಹಿಂದಿನದು. ಆಮೇಲೆ ಡ್ರಮ್ ಯೂನಿಟ್ ಹೊರಗೆಳೆದೆವು, ಅದಕ್ಕೆ ಸ್ಕ್ರೂ ಬೇಕಿಲ್ಲ, ಒಂದು ಲಿವರ್ ಅಷ್ಟೆ. ಬೆಳಕು ಬಿದ್ದರೆ ಡ್ರಮ್ ಹಾಳು ಅಂತ ಲೈಟ್ ಆರಿಸಿ, ಮೇಲೆ ನ್ಯೂಸ್‌ಪೇಪರ್ ಹಿಡಿದು, ಬಗ್ಗಿ ನೋಡಿದರೆ, ಬೆಲ್ಟಿಗೆ ಇನ್ನೂ ತಾಗದ ಜಾಗದಲ್ಲಿ ನೀಲಿ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ! ತಾಗಿ ಮುಂದೆ ಬಂದ ಜಾಗದಲ್ಲಿ ಎಡಗಡೆ ಸ್ವಚ್ಛ, ಬಲಗಡೆ ಪುಡಿ ಹಾಗೇ ಅಂಟಿಕೊಂಡಿದೆ. ಅಂದರೆ ಡೆವಲಪರ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಡ್ರಮ್ಮಿನಿಂದ ಬೆಲ್ಟಿಗೆ ದಾಟೋ ಹೊತ್ತಿಗೆ ಬಲಗಡೆ ಏನೋ ಕೈಕೊಟ್ಟಿದೆ. ಬೆಲ್ಟಿನ ಒಳಗಡೆ ಇರೋ ಆ ಸಣ್ಣ ಟ್ರಾನ್ಸ್‌ಫರ್ ರೋಲರನ್ನು ಎರಡೂ ತುದಿಯಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. "ಬಲಗಡೆ ಸ್ಪ್ರಿಂಗ್" ಅಂದಳು ಹುಡುಗಿ. ಟ್ರೇನರ್ ಅಂಗಿ ಜೇಬಿಗೆ ಕೈ ಹಾಕಿ, ಅಕ್ಕಿಹುಳದಷ್ಟು ದೊಡ್ಡ ಒಂದು ಸ್ಪ್ರಿಂಗ್ ತೆಗೆದು ಟೇಬಲ್ ಮೇಲಿಟ್ಟರು.

ನಾನಾಗಿದ್ದರೆ ಡೆವಲಪರ್ ಹಾಕಿ, ಅದು ಆಗದೆ ಡ್ರಮ್ ಹಾಕಿ, ಎರಡು ದಿನ ಒದ್ದಾಡಿ, ಕೊನೆಗೆ "ಮೆಷಿನ್ ಹಳೇದಾಯ್ತು ಅಣ್ಣ" ಅಂತ ಹೇಳಿ ಬರ್ತಿದ್ದೆ. ನಾಚಿಕೆ ಆಯ್ತು, ಸುಳ್ಳು ಯಾಕೆ ಹೇಳಲಿ.

ಸಣ್ಣಪುಟ್ಟವು ಇನ್ನೂ ಇವೆ. ಕೆಲಸದ ಮಧ್ಯೆ ಕಲರ್ ಮೆಷಿನ್ ತಾನಾಗೇ ನಿಂತು ಒಳಗೊಳಗೇ ಏನೋ ಗುಂಯ್‌ಗುಟ್ಟುತ್ತಲ್ಲ, "ಹ್ಯಾಂಗ್ ಆಯ್ತು" ಅಂತ ಅಂಗಡಿಯವರು ಸ್ವಿಚ್ ಆಫ್ ಮಾಡಿಬಿಡ್ತಾರೆ. ಅದು ಹ್ಯಾಂಗ್ ಅಲ್ಲ. ಬೆಲ್ಟ್ ಮೇಲೆ ನಾಲ್ಕೂ ಬಣ್ಣದ ಸಣ್ಣ ಪಟ್ಟಿ ಹೊಡೆದು, ಸೆನ್ಸರಿನಿಂದ ತಾನೇ ಓದಿ, ಯಾವ ಬಣ್ಣ ಜಾಸ್ತಿ ಯಾವುದು ಕಮ್ಮಿ, ಯಾವುದು ಪಕ್ಕಕ್ಕೆ ಸರಿದಿದೆ ಅಂತ ಸರಿಮಾಡಿಕೊಳ್ಳುತ್ತೆ. ಆ ಪಟ್ಟಿ ಕಾಗದಕ್ಕೆ ಬರೋದೇ ಇಲ್ಲ, ಒರೆಸಿಕೊಂಡು ವೇಸ್ಟ್ ಡಬ್ಬಕ್ಕೆ ಹೋಗುತ್ತೆ. ಸೆನ್ಸರ್ ಮೇಲೆ ಟೋನರ್ (ಅದೇ ಬಣ್ಣದ ಪುಡಿ) ಕೂತಿದ್ದರೆ ಓದಿದ್ದೇ ತಪ್ಪು, ಸರಿಮಾಡಿದ್ದೂ ತಪ್ಪು. ಹೋದ ತಿಂಗಳು ಒಂದು ಕಡೆ ಲಗ್ನಪತ್ರಿಕೆಯ ಅರಿಶಿನ ಬಣ್ಣ ಹಸಿರು ಹಸಿರಾಗಿ ಬಂದು, ಹುಡುಗಿ ಕಡೆಯವರು ಜಗಳಕ್ಕೇ ನಿಂತಿದ್ದರು. ಆ ಸೆನ್ಸರ್ ಎಲ್ಲಿರುತ್ತೆ ಅಂತಲೇ ಆಗ ನನಗೆ ಗೊತ್ತಿರಲಿಲ್ಲ.

ಹಳದಿ ನೋಡೋದು ಕಷ್ಟ, ಬಿಳಿ ಹಾಳೆ ಮೇಲೆ ಕಣ್ಣಿಗೆ ಸಿಗಲ್ಲ. ಅದಕ್ಕೆ ನೀಲಿ ಎಲ್‌ಇಡಿ ಟಾರ್ಚು. ನೀಲಿ ಬೆಳಕಲ್ಲಿ ಹಳದಿ ಕಪ್ಪಾಗಿ ಕಾಣುತ್ತೆ. ಹಾಗೆ ನೋಡುವಾಗ ಹುಬ್ಬಳ್ಳಿಯವನು "ಸರ್, ಹಾಳೆ ತುಂಬ ಚುಕ್ಕಿ ಅದಾವಲ್ರೀ" ಅಂದ. ಅದು ಫಾಲ್ಟ್ ಅಲ್ಲವಂತೆ. ಎಷ್ಟೋ ಕಲರ್ ಲೇಸರ್ ಮೆಷಿನ್‌ಗಳು ಪ್ರತಿ ಹಾಳೆ ಮೇಲೂ ಕಣ್ಣಿಗೆ ಕಾಣದ ಹಾಗೆ ಹಳದಿ ಚುಕ್ಕಿಗಳನ್ನು ಇಡುತ್ತವೆ, ಖೋಟಾ ನೋಟು ಹೊಡೆದವರನ್ನು ಹಿಡಿಯೋಕೆ. 2005ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನವರು ಝೆರಾಕ್ಸ್ ಡಾಕ್ಯುಕಲರ್ ಚುಕ್ಕಿಗಳನ್ನು ಬಿಡಿಸಿ ಓದಿದಾಗ ಅದರಲ್ಲಿ ತಾರೀಖು, ಟೈಮು, ಮೆಷಿನ್ನಿನ ಸೀರಿಯಲ್ ನಂಬರ್ ಎಲ್ಲ ಸಿಕ್ಕಿತ್ತು. ಇಷ್ಟು ವರ್ಷ ಇಂಥ ಹಾಳೆಗಳನ್ನೇ ಎತ್ತಿ ಎತ್ತಿ ನೋಡಿದ್ದೀನಿ, ಒಂದು ಚುಕ್ಕಿಯೂ ಕಂಡಿರಲಿಲ್ಲ.

ಮಳೆಯ ಪಾಠ ತಾನಾಗೇ ಆಯ್ತು. ನಿನ್ನೆ ಬಿಚ್ಚಿಟ್ಟ ರೀಮಿನಲ್ಲಿ ಇವತ್ತು ಹೊಡೆದರೆ ಗಾಢ ಬಣ್ಣ ಎಲ್ಲ ಹುಳುಕು ಹುಳುಕು. ಹಾಳೆ ತೇವ ಹೀರಿಕೊಂಡರೆ ಟೋನರನ್ನು ಎಳೆಯೋ ಕರೆಂಟು ಹಾಳೆಯಲ್ಲಿ ನಿಲ್ಲೋದಿಲ್ಲ. ಹೊಸ ಪ್ಯಾಕೆಟ್ ಒಡೆದು ಹಾಕಿದರು, ಸರಿಹೋಯ್ತು. ಮಂಗಳೂರಿನವನು ನಕ್ಕ. ಅವರ ಕಡೆ ಹಾಳೆ ಇಡೋ ಕ್ಯಾಸೆಟ್ ಕೆಳಗೆ ಹೀಟರ್ ಇರೋ ಮೆಷಿನ್ನೇ ಬೇಕಂತೆ, ಆದರೆ ಕರೆಂಟ್ ಬಿಲ್ ಉಳಿಸೋಕೆ ಮಳೆಗಾಲದಲ್ಲೇ ಅದನ್ನು ಆಫ್ ಮಾಡಿ ಇಡ್ತಾರಂತೆ.

ಕೊನೆಯ ಗಂಟೆ ಸ್ಕೇಲಿನದು. ಒಂದೇ ಥರದ ಚುಕ್ಕಿ ಹಾಳೆಯ ಉದ್ದಕ್ಕೂ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರ್ತಿದ್ದರೆ ಅದು ಯಾವುದೋ ದುಂಡಗಿನ ವಸ್ತುವಿನದು, ಒಂದು ಸುತ್ತಿಗೆ ಒಂದು ಸಲ. ಅಂತರ ಅಳೆದು 3.14ರಿಂದ ಭಾಗಿಸಿದರೆ ಆ ವಸ್ತು ಎಷ್ಟು ದಪ್ಪ ಅಂತ ಬರುತ್ತೆ. 94 ಮಿಲಿಮೀಟರ್ ಬಂದರೆ 30 ಮಿಲಿಮೀಟರಿನ ಡ್ರಮ್. 44 ಬಂದರೆ 14 ಮಿಲಿಮೀಟರಿನದು, ಅಂದರೆ ಆ ಮೆಷಿನ್ನಿನಲ್ಲಿ ಡ್ರಮ್ಮಿಗೆ ಕರೆಂಟು ಹಿಡಿಸೋ ಚಾರ್ಜ್ ರೋಲರ್. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದು ಕಲಿಸಿದ ಲೆಕ್ಕ ನಲವತ್ತೊಂದನೇ ವಯಸ್ಸಿಗೆ ಕೆಲಸಕ್ಕೆ ಬಂತು. ಕೇಳ್ತಾ ಕೇಳ್ತಾ ನನ್ನ ಕಿವಿ ಬಿಸಿಯಾಗಿದ್ದು ಮಾತ್ರ ಬೇರೆ ಕಾರಣಕ್ಕೆ. ದಸರಾಕ್ಕೆ ಮುಂಚೆ ಕೋರ್ಟ್ ಎದುರಿನ ಅಂಗಡಿಯಲ್ಲಿ ಮಜೆಂಟಾ ಚುಕ್ಕಿಗೆ ಅಂತ ಡ್ರಮ್ಮು, ಅದನ್ನು ಒರೆಸೋ ಬ್ಲೇಡು ಎರಡೂ ಬದಲಾಯಿಸಿ ದುಡ್ಡು ತಗೊಂಡಿದ್ದೆ. ಚಾರ್ಜ್ ರೋಲರ್ ಸುಮ್ನೆ ಬಟ್ಟೆಯಲ್ಲಿ ಒರೆಸಿ ಅದನ್ನೇ ವಾಪಸ್ ಹಾಕಿದ್ದೆ. ವಾರದೊಳಗೆ ಚುಕ್ಕಿ ಮತ್ತೆ ಬಂದಿದೆ ಅಂತ ಅವರು ಮೂರು ಸಲ ಫೋನ್ ಮಾಡಿದ್ದರು.

ಮನೆಗೆ ಬಂದರೆ ಅಂಗಿ ತೋಳಿನ ತುಂಬ ಮಜೆಂಟಾ. ಅಕ್ಕ ನೋಡಿ "ಅಯ್ಯೋ, ಕುಂಕುಮದಲ್ಲಿ ಹೊರಳಾಡಿ ಬಂದೆಯೇನೋ" ಅಂತ ಬಿಸಿನೀರಿನ ಬಕೆಟ್ಟಿಗೆ ಹಾಕೋಕೆ ಹೊರಟಳು. ಓಡಿ ಹೋಗಿ ಕಿತ್ತುಕೊಂಡೆ. ಟೋನರ್ ಅಂದರೆ ಬಹುಪಾಲು ಪ್ಲಾಸ್ಟಿಕ್ಕೇ ಅಕ್ಕ, ಬಿಸಿ ತಾಗಿದರೆ ಬಟ್ಟೆಗೆ ಅಂಟಿಬಿಡುತ್ತೆ, ಮೊದಲು ಕೊಡವಬೇಕು, ಆಮೇಲೆ ತಣ್ಣೀರು. ಬಾಲ್ಕನಿಯಲ್ಲಿ ಮಳೆಗೆ ಹಿಡಿದು ಕೊಡವಿದೆ. ಬಹಳಷ್ಟು ಹೋಯ್ತು.

ಊಟಕ್ಕೆ ಮುಂಚೆ ಕೋರ್ಟ್ ಎದುರಿನ ಅಂಗಡಿಗೆ ನಾನೇ ಫೋನ್ ಮಾಡಿದೆ.

"ಅಣ್ಣಾ, ಅಂಗಡಿಯಲ್ಲೇ ಇದೀರಾ? ಒಂದು ಖಾಲಿ ಪೇಜ್ ಕಲರ್‌ನಲ್ಲಿ ಹೊಡೀರಿ. ಸ್ಕೇಲ್ ಇಟ್ಟು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಎಷ್ಟಿದೆ ನೋಡ್ರಿ."

"ಬಾಗಿಲು ಹಾಕೋ ಹೊತ್ತಲ್ಲಿ ಇದೇನು ತಮ್ಮಾ ಸ್ಕೇಲು ಗೀಲು" ಅಂತ ಗೊಣಗಿಕೊಂಡೇ ಹೋದರು. ಮೆಷಿನ್ ಬಿಸಿಯಾಗೋ ಸದ್ದು, ಡ್ರಾಯರ್ ಎಳೆಯೋ ಸದ್ದು ಎಲ್ಲ ಫೋನಿನಲ್ಲೇ ಕೇಳ್ತಿತ್ತು.

"ನಾಲ್ಕೂವರೆಗೆ ಒಂಚೂರು ಕಮ್ಮಿ ಐತಿ ನೋಡು."

"ಇಂಚಾ, ಸೆಂಟಿಮೀಟರಾ?"

"ಸೆಂಟಿಮೀಟರು."

44. ಡ್ರಮ್ ಅಲ್ಲವೇ ಅಲ್ಲ, ಆವತ್ತೂ ಅಲ್ಲ. ಹೇಳಿಬಿಟ್ಟೆ, ತಪ್ಪು ನಂದು, ಡ್ರಮ್ ಹಾಕೋ ಅಗತ್ಯ ಇರಲಿಲ್ಲ, ಆ ಸಣ್ಣ ರೋಲರ್ ತರ್ತೀನಿ, ಸೋಮವಾರ ಬೆಳಿಗ್ಗೆ ಬಂದು ಹಾಕ್ತೀನಿ, ಅದಕ್ಕೆ ದುಡ್ಡು ಬೇಡ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಂಗಾದ್ರ ಡ್ರಮ್ಮಿನ ದುಡ್ಡು?"

ಸೋಮವಾರ ಬಂದು ಮಾತಾಡೋಣ ಅಣ್ಣಾ ಅಂದೆ. ನಾಳೆ ಫ್ಯೂಸರ್ ಅಂತೆ, ಸ್ಕ್ರೂಡ್ರೈವರ್ ವಾಪಸ್ ಕೊಡ್ತಾರಂತೆ. ಅಂಗಿ ಇನ್ನೂ ಒಣಗಿಲ್ಲ.