ಒಂದೇ ತಪ್ಪಿಗೆ ಎರಡು ಸಲ ಕೇಸು ಹಾಕುವಂತಿಲ್ಲ, ಅಲ್ವಾ ಸಾರ್?

ದಾವಣಗೆರೆಯಲ್ಲಿ ವಕೀಲಿಕೆ ಮಾಡುವ ನನಗೆ ವಾರಕ್ಕೊಮ್ಮೆಯಾದರೂ ಎದುರಾಗುವ ಈ ಮಾತು ನೋಡಲು ಪ್ರಶ್ನೆಯಂತಿದ್ದರೂ ಪ್ರಶ್ನೆಯಲ್ಲ. ಕೇಳುವವರು ಉತ್ತರವನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು ಬಂದಿರುತ್ತಾರೆ, ನಾನು ತಲೆಯಾಡಿಸಿದರೆ ಸಾಕು. ಬಾಯಿಂದ ಹೇಳಿ ಹೇಳಿ ಬೇಸತ್ತು ಬರೆದಿಡುತ್ತಿದ್ದೇನೆ.

ಸಂವಿಧಾನದ 20(2)ನೇ ವಿಧಿಯಂತೆ ಯಾರನ್ನೂ ಒಂದೇ ಅಪರಾಧಕ್ಕಾಗಿ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಪಡಿಸಿ ದಂಡಿಸುವಂತಿಲ್ಲ. ಇದು ಮೊದಲ ಸಲ ಶಿಕ್ಷೆಯಾದವನ ಮಾತು. ಖುಲಾಸೆಯಾದವನನ್ನು ಕಾಯುವುದು ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337. ಅಧಿಕಾರವುಳ್ಳ ನ್ಯಾಯಾಲಯದಲ್ಲಿ ವಿಚಾರಣೆ ಮುಗಿದು ತೀರ್ಪು ಬಂದಿರಬೇಕು, ಆ ತೀರ್ಪು ಊರ್ಜಿತದಲ್ಲಿಯೂ ಇರಬೇಕು. ಫಿರ್ಯಾದು ವಜಾ ಆದರೆ ಅದು ಖುಲಾಸೆಯಲ್ಲ. ಸರ್ಕಾರ ಮೇಲ್ಮನವಿ ಹಾಕಿದರೆ ಅದು ಎರಡನೆಯ ಕೇಸಲ್ಲ, ಹಳೆಯದರದೇ ಮುಂದುವರಿಕೆ. ಹೊಡೆದು ತೀವ್ರ ಗಾಯ ಮಾಡಿದ್ದಕ್ಕೆ ಶಿಕ್ಷೆಯಾದ ಬಳಿಕ ಗಾಯಾಳು ಸತ್ತರೆ, ಸಾವಿಗಾಗಿ ಬೇರೆ ವಿಚಾರಣೆ ನಡೆಸಬಹುದೆಂದು ಕಾಯ್ದೆಯೇ ಉದಾಹರಣೆ ಕೊಟ್ಟು ಹೇಳುತ್ತದೆ.

ಇಷ್ಟನ್ನೂ ನಾನು ಒಮ್ಮೆ ಚಿತ್ರದುರ್ಗದ ಮದುವೆಮನೆಯೊಂದರಲ್ಲಿ, ಎಲೆಗೆ ಹೋಳಿಗೆ ಬಿದ್ದು ತುಪ್ಪದವನು ನಾಲ್ಕು ಎಲೆಯಾಚೆ ಬರುತ್ತಿದ್ದ ಹೊತ್ತಿನಲ್ಲಿ, ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಗುಮಾಸ್ತರೊಬ್ಬರಿಗೆ ವಿವರಿಸಿದ್ದೆ. ಅವರ ತಮ್ಮನ ವೇತನ ಬಡ್ತಿಯನ್ನು ಇಲಾಖೆ ವಿಚಾರಣೆ ನಡೆಸಿ ಕಡಿತಗೊಳಿಸಿತ್ತು. ಅದೇ ಲಂಚಕ್ಕೆ ಕೋರ್ಟಿನಲ್ಲೂ ಕೇಸು ನಡೆಯುತ್ತಿತ್ತು. "ಎರಡು ಸಲ ಆಯ್ತಲ್ಲ ಸಾರ್" ಎಂದರು. ಆಗಲಿಲ್ಲ ಎಂದೆ. ವಿಚಾರಣೆಯ ನಂತರ ಕೆಲಸ ಕಳೆದುಕೊಂಡ ಅಧಿಕಾರಿ ವೆಂಕಟರಾಮನ್ ಇದೇ ವಾದ ಹೂಡಿದಾಗ, ಇಲಾಖಾ ವಿಚಾರಣೆ ಅಪರಾಧ ವಿಚಾರಣೆಯಲ್ಲವೆಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದೆ. ಅದರ ಹಿಂದಿನ ವರ್ಷ, ಜೆಡ್ಡಾದಿಂದ ಚಿನ್ನ ತಂದ ಮಕ್ಬೂಲ್ ಹುಸೇನ್ ಪ್ರಕರಣದಲ್ಲಿ, ಕಸ್ಟಮ್ಸ್‌ನವರು ಚಿನ್ನ ಮುಟ್ಟುಗೋಲು ಹಾಕಿಕೊಂಡದ್ದೂ ನ್ಯಾಯಾಲಯದ ಶಿಕ್ಷೆಯಲ್ಲವೆಂದಿತ್ತು. ಗುಮಾಸ್ತರು ನನ್ನನ್ನು ದಿಟ್ಟಿಸಿ, "ಹಾಗಾದ್ರೆ ನೀವು ಸರ್ಕಾರದ ಕಡೆ ವಕೀಲರೇನು?" ಎಂದರು. ಆ ತೀರ್ಪು ಬರೆದವನು ನಾನಲ್ಲ, ಆಗ ನಾನು ಹುಟ್ಟಿಯೂ ಇರಲಿಲ್ಲ. ಅಷ್ಟರಲ್ಲಿ ತುಪ್ಪದವನು ನನ್ನ ಎಲೆ ದಾಟಿ ಹೋಗಿದ್ದ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಮೊದಲ ತೀರ್ಪಿನ ದೃಢೀಕೃತ ನಕಲು ಎಲ್ಲಿದೆ? ಎರಡನೆಯ ಕೇಸಿನಲ್ಲಿ ನ್ಯಾಯಾಧೀಶರು ಕೇಳುವುದು ಅದನ್ನೇ, ಮತ್ತು ಅದನ್ನು ಮುಂದಿಡಬೇಕಾದವನು ಆರೋಪಿಯೇ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಆಗಲೇ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ; ಖುಲಾಸೆಯಾದವನು ಅರ್ಜಿ ಹಾಕಿ ಪಡೆಯಬೇಕು, ಆದರೆ ಆ ಸಂಭ್ರಮದಲ್ಲಿ ಅರ್ಜಿಯ ನೆನಪು ಯಾರಿಗಿರುತ್ತದೆ?

ಜಗಳೂರು ಕಡೆಯ ಕಕ್ಷಿದಾರರೊಬ್ಬರಿಗೆ ಹಳೆಯ ತೀರ್ಪು ತನ್ನಿ ಎಂದಿದ್ದೆ. ಅವರು ತಂದದ್ದು, ಮಡಿಕೆಯ ಗೆರೆಯಲ್ಲಿ ಹರಿದು ನಾಲ್ಕು ತುಂಡಾಗಿದ್ದ ಪತ್ರಿಕೆಯ ಸುದ್ದಿ. ಅದರಲ್ಲಿ ಅವರ ತಂದೆಯ ಹೆಸರು ತಪ್ಪಾಗಿತ್ತು. ಕೇಸಿನ ನಂಬರು ಹುಡುಕಿ, ಅರ್ಜಿ ಹಾಕಿ, ಕಡತ ಹೊರಬಂದು ನಕಲಿಗೆ ಮೊಹರು ಬೀಳುವ ತನಕ ಅವರು ಪ್ರತಿ ವಾಯಿದೆಗೂ ಮೊದಲ ಬಸ್ಸಿಗೆ ಬಂದು ಕಟಕಟೆಯಲ್ಲಿ ನಿಂತರು.