ಓದಿದ್ದಕ್ಕೆ ಲೆಕ್ಕ ಕೇಳಬೇಡಿ

ಎಸ್‌ಎಸ್‌ಎಲ್‌ಸಿ ಕನ್ನಡ ಪ್ರಬಂಧಗಳಲ್ಲಿ ‘ಗ್ರಂಥಾಲಯಗಳ ಮಹತ್ವ’ ಎಂದೂ ಹಳತಾಗದ ವಿಷಯ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಯ ಮೊದಲ ಸಾಲಿಗೆ ‘ದೇಶ ಸುತ್ತು, ಕೋಶ ಓದು’ ಇರಲೇಬೇಕು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಪ್ರೌಢಶಾಲೆಯ ಮಕ್ಕಳು ಗುಂಪಾಗಿ ಬಂದು, ನನ್ನ ಮೇಜಿನ ಎದುರೇ ಕುಳಿತು, ಗೈಡ್ ತೆರೆದು ಈ ಪ್ರಬಂಧವನ್ನು ಬಾಯಿಪಾಠ ಮಾಡುತ್ತಾರೆ. ಬೆನ್ನ ಹಿಂದಿರುವ ಕಪಾಟಿನ ಕಡೆ ಒಬ್ಬರೂ ತಿರುಗುವುದಿಲ್ಲ.

ನಾನು ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ನಮ್ಮಂಥ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅಲ್ಲಿಯವರೆಗೆ ದಿನಪತ್ರಿಕೆ ಓದುವ ಹಿರಿಯರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗರಷ್ಟೇ ಇದ್ದ ಕೋಣೆಯ ಮುಂದೆ ಸಂಜೆ ಹೊತ್ತು ಪುಟ್ಟ ಚಪ್ಪಲಿಗಳ ರಾಶಿ ಬಿದ್ದಿತು. ಸದಸ್ಯರ ಸಂಖ್ಯೆ ಏರಿತು. ಓದು ಏರಿತೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ರಿಜಿಸ್ಟರ್‌ನಲ್ಲಿ ಸಿಗುವುದಿಲ್ಲ.

ಈ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಮಕ್ಕಳಿಗೆ ಪುಸ್ತಕದ ಭಯವಿಲ್ಲ, ಪುಸ್ತಕ ಮುಚ್ಚಿದ ಮೇಲೆ ಬರುವ ಪ್ರಶ್ನೆಯ ಭಯ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಅತಿಥಿಗಳು ಬರುತ್ತಾರೆ. ಮೂಲೆಯಲ್ಲಿ ಕುಳಿತು ಓದುತ್ತಿರುವ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, “ಏನಪ್ಪಾ, ಈ ಕಥೆಯಿಂದ ಏನು ಕಲಿತೆ?” ಎನ್ನುತ್ತಾರೆ. ಅವನು ಓದುತ್ತಿದ್ದದ್ದು ಮೊಸಳೆಯ ಬೆನ್ನೇರಿದ ಕೋತಿಯ ಕಥೆ. “ಸತ್ಯವನ್ನೇ ಹೇಳಬೇಕು ಸಾರ್” ಎನ್ನುತ್ತಾನೆ. ಆ ಕಥೆಯಲ್ಲಿ ಕೋತಿ ಸುಳ್ಳು ಹೇಳಿಯೇ ಜೀವ ಉಳಿಸಿಕೊಂಡದ್ದು! ಅತಿಥಿಗಳು ಅದನ್ನು ಗಮನಿಸದೆ ಚಪ್ಪಾಳೆ ತಟ್ಟುತ್ತಾರೆ. ಊಟ ಮಾಡಿ ಎದ್ದ ಮಗುವನ್ನು ಹಿಡಿದು ‘ಸಾರಿನಲ್ಲಿ ಎಷ್ಟು ಪ್ರೋಟೀನ್ ಇತ್ತು ಹೇಳು’ ಎಂದು ಯಾರೂ ಕೇಳುವುದಿಲ್ಲ. ಪುಸ್ತಕದ ವಿಷಯಕ್ಕೆ ಬಂದರೆ ಮಾತ್ರ ನಮಗೆ ತಕ್ಷಣ ಲೆಕ್ಕ ಬೇಕು.

ಹಾಗಾಗಿ ನಮ್ಮಲ್ಲಿ ನೀತಿ ಕೇಳುವುದಿಲ್ಲ, ಸಾರಾಂಶ ಕೇಳುವುದಿಲ್ಲ. ಅರ್ಧಕ್ಕೇ ಬಿಟ್ಟು ತಂದುಕೊಟ್ಟರೆ ಯಾಕೆ ಎಂದೂ ಕೇಳುವುದಿಲ್ಲ. ತೀರಾ ಮಾತನಾಡಿಸಲೇಬೇಕು ಎನಿಸಿದರೆ “ಇದರಲ್ಲಿ ಯಾರನ್ನು ಕಂಡರೆ ಸಿಟ್ಟು ಬಂತು?” ಎನ್ನುತ್ತೇನೆ. ಸಿಟ್ಟಿನ ವಿಷಯಕ್ಕೆ ಮಕ್ಕಳು ಧಾರಾಳವಾಗಿ ಮಾತನಾಡುತ್ತಾರೆ. ಎಷ್ಟೋ ಸಲ ಪುಸ್ತಕದಲ್ಲಿ ಶುರುವಾಗಿ ಮನೆಯ ಚಿಕ್ಕಪ್ಪನವರೆಗೆ ಬಂದು ನಿಲ್ಲುತ್ತದೆ.

ಕಪಾಟಿನ ಬೀಗದ ವಿಷಯ ಹೇಳಬೇಕು. ನಮ್ಮ ವೃತ್ತಿಯಲ್ಲಿ ಇದು ಸೂಕ್ಷ್ಮ ಸಂಗತಿ. ಪುಸ್ತಕ ಕಳೆದರೆ ಮೇಲ್ವಿಚಾರಕರೇ ಹೊಣೆ ಎಂಬ ಹೆದರಿಕೆಯಿಂದ ಎಷ್ಟೋ ಕಡೆ ಒಳ್ಳೆಯ ಪುಸ್ತಕಗಳೆಲ್ಲ ಗಾಜಿನ ಬಾಗಿಲಿನ ಹಿಂದೆ ಹೊಸದಾಗಿಯೇ ಹಳೆಯದಾಗುತ್ತವೆ. ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದರು. ಮೊದಲನೆಯದು: ಪುಸ್ತಕಗಳಿರುವುದು ಬಳಕೆಗೆ. ಅದನ್ನು ವಿವರಿಸುವಾಗ ಅವರು ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದುದನ್ನು ನೆನೆಯುತ್ತಾರೆ. ಆ ಮಹಾನುಭಾವರು ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಸೂತ್ರಗಳನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿ, ಕೆಳಗಿನ ಕಪಾಟಿಗೆ ಬೀಗ ಜಡಿದಿರುವುದನ್ನು ನಾನೇ ಕಂಡಿದ್ದೇನೆ.

ಪುಸ್ತಕ ಹರಿದರೆ ಎಂದು ಅಳುಕುವ ಪೋಷಕರಿಗೆ ನಾನು ಮನೆ ಕಂದಾಯದ ರಸೀದಿ ತೋರಿಸುತ್ತೇನೆ. 1965ರ ಗ್ರಂಥಾಲಯ ಕಾಯ್ದೆಯ ಕಾಲದಿಂದ ನಮ್ಮಲ್ಲಿ ಗ್ರಂಥಾಲಯ ಕರ ಎಂಬುದಿದೆ. ಈಗ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ರಸೀದಿಯಲ್ಲಿ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರಗಳ ಜೊತೆ ಅದೂ ಇರುತ್ತದೆ. “ನಿಮ್ಮದೇ ದುಡ್ಡಮ್ಮ, ಕೊಟ್ಟಿದ್ದೀರಿ, ಮಗು ಒಯ್ಯಲಿ ಬಿಡಿ” ಎಂದರೆ ಮುಖ ಸಡಿಲವಾಗುತ್ತದೆ. “ಕಥೆ ಪುಸ್ತಕ ಕೊಡಬೇಡಿ ಮೇಡಂ, ಪರೀಕ್ಷೆ ಹತ್ತಿರ ಬಂತು” ಎನ್ನುವವರಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ.

ಚಿಕ್ಕ ಮಕ್ಕಳಿಗೆ ಬಣ್ಣದ ಚಿತ್ರದ ಪುಸ್ತಕಗಳು ಎಷ್ಟಿದ್ದರೂ ಸಾಲದು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳಿವೆ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತದಲ್ಲಿ ವಿಂಗಡಿಸಿದ್ದಾರೆ, ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು. ನಾನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಹೊಲಿಯುತ್ತೇನೆ. ಬಣ್ಣ ತುಂಬುವ ಕೆಲಸ ಮಕ್ಕಳದು, ಆಮೇಲೆ ಅದು ಅವರ ಪುಸ್ತಕವೇ ಆಗಿಬಿಡುತ್ತದೆ.

ಇನ್ನು ಬರವಣಿಗೆ. ‘ನನ್ನ ಮೆಚ್ಚಿನ ಹಬ್ಬ’ ಎಂದು ವಿಷಯ ಕೊಟ್ಟರೆ ಎಲ್ಲರ ಮನೆಯಲ್ಲೂ ಒಂದೇ ದೀಪಾವಳಿ, ಮುಂಜಾನೆ ಎದ್ದು ಅಭ್ಯಂಜನ ಸ್ನಾನ, ಕೊನೆಗೆ ‘ಹೀಗೆ ಹಬ್ಬಗಳು ನಮ್ಮ ಸಂಸ್ಕೃತಿಯ ಪ್ರತೀಕ’. ಅದನ್ನು ಬಿಟ್ಟು ನಾನು ಈಗ ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ನಡೆಯುವ, ನನಗೆ ಗೊತ್ತಿರಲಾರದ ಒಂದು ವಿಷಯ ಬರೆಯಿರಿ. ಏಳನೇ ತರಗತಿಯ ಹುಡುಗಿಯೊಬ್ಬಳು ತಂದುಕೊಟ್ಟ ಹಾಳೆಯಲ್ಲಿ ಇದ್ದದ್ದು ಹೀಗೆ:

“ತಾತ ಅಟ್ಟದಿಂದ ಕಾಯಿ ಇಳಿಸಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಟಗಟ ಅಂದರೆ ಕೊಬ್ಬರಿ ಆಗಿದೆ. ನೀರು ಸದ್ದು ಮಾಡಿದರೆ ಮತ್ತೆ ಅಟ್ಟಕ್ಕೆ. ಆಗ ಯಾರೂ ಟಿವಿ ಹಾಕಬಾರದು. ನನ್ನ ತಂಗಿ ತಾತನ ಮುಂದೆ ಹೋಗಿ ತಲೆ ಅಲ್ಲಾಡಿಸಿ, ನಂದು ಆಗಿದೆಯಾ ನೋಡು ಅಂದಳು. ತಾತ ಕಿವಿ ಇಟ್ಟು ಕೇಳಿ, ಇನ್ನೂ ನೀರು ಇದೆ, ಅಟ್ಟಕ್ಕೆ ಹಾಕಿ ಅಂದರು.”

ಪೀಠಿಕೆಯೂ ಇಲ್ಲ, ಉಪಸಂಹಾರವೂ ಇಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಎಂದರೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಟ್ಟು ಮಾಡುವಂಥದ್ದು. ಆ ಕಾಯುವಿಕೆಯ ಬಗ್ಗೆ ದೊಡ್ಡವರು ಬರೆದ ಲೇಖನಗಳನ್ನು ಓದಿದ್ದೇನೆ, ಟಿವಿ ಆರಿಸುವ ಸಂಗತಿ ಯಾವುದರಲ್ಲೂ ಇರಲಿಲ್ಲ.

ಅವಳ ಮೂಲ ಹಾಳೆಯಲ್ಲಿ ‘ಹಟ್ಟ’ ಇತ್ತು, ‘ಅತ್ತಿರ’ ಇತ್ತು. ನಮ್ಮ ಕಡೆ ಅಕಾರ ಹಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ. ಕೆಂಪು ಶಾಯಿಯ ಪೆನ್ನು ನನ್ನ ಮೇಜಿನ ಮೇಲೆ ಇಲ್ಲ. ಗೋಡೆ ಪತ್ರಿಕೆಗೆ ಹಾಕುವ ಮುನ್ನ ಸ್ಕೆಚ್ ಪೆನ್‌ನಲ್ಲಿ ಬಿಡಿಸಿ ಬರೆಯಬೇಕಲ್ಲ, ಆಗ ಊರವರೆಲ್ಲ ನೋಡುತ್ತಾರೆ ಎಂಬ ಕಾರಣಕ್ಕೆ ಅವರೇ ನಿಘಂಟು ಕೇಳಿಕೊಂಡು ಬರುತ್ತಾರೆ. ತಿದ್ದುವುದು ಆಗ ಅವರ ಅಗತ್ಯ. ಮೊದಲೇ ತಿದ್ದಿದರೆ ಮುಂದಿನ ವಾರ ಅಭ್ಯಂಜನ ಸ್ನಾನವೇ ಗತಿ. ಕನ್ನಡ ಮೇಷ್ಟರೊಬ್ಬರಿಗೆ ಈ ಕ್ರಮ ಒಪ್ಪಿಗೆಯಿಲ್ಲ. ತಪ್ಪು ರೂಢಿಯಾಗುತ್ತದೆ ಎಂಬುದು ಅವರ ವಾದ. ಶಾಲೆಯಲ್ಲಿ ಅವರು ತಿದ್ದಲಿ, ಇಲ್ಲಿ ಮಕ್ಕಳು ಬರೆಯಲಿ ಎಂದು ಇಬ್ಬರೂ ರಾಜಿಯಾಗಿದ್ದೇವೆ.

ಇದೇ ಕೆಲಸದಲ್ಲಿರುವವರು ಕೇಳುವುದು ಒಂದೇ: ತಪಾಸಣೆಗೆ ಬಂದಾಗ ಏನು ಮಾಡುತ್ತೀರಿ? ನನ್ನ ಉಪಾಯ ಸರಳ. ಇಲಾಖೆಯ ದಾಸ್ತಾನಿನ ಪುಸ್ತಕಗಳು ನಂಬರು ಹಾಕಿ ದಾಖಲಿಸುವ ಪರಿಗ್ರಹಣ ರಿಜಿಸ್ಟರ್‌ನಲ್ಲಿ ಇವೆ, ಅವನ್ನು ಸಹಿ ಹಾಕಿಸಿಕೊಂಡೇ ಕೊಡುತ್ತೇನೆ. ಊರವರು, ಹಳೆಯ ವಿದ್ಯಾರ್ಥಿಗಳು ಕೊಟ್ಟ ಪುಸ್ತಕಗಳಿಗೆ ಬೇರೆ ನೋಟ್‌ಬುಕ್. ಅವು ಬಾಗಿಲ ಬಳಿ ಬಿದಿರಿನ ಬುಟ್ಟಿಯಲ್ಲಿ ಇರುತ್ತವೆ. ಸಹಿ ಬೇಡ, ವಾಪಸಾತಿ ದಿನಾಂಕ ಬೇಡ. ಕೊಡುವವರಿಗೆ ಮೊದಲೇ ‘ಇದು ಹಿಂದಿರುಗದೆಯೂ ಇರಬಹುದು’ ಎಂದು ಹೇಳಿಬಿಡಿ. ಬೇಸಿಗೆ ರಜೆಗೆ ಮುಂಚೆ ಬುಟ್ಟಿ ತುಂಬಿಸಿ. ರಟ್ಟು ಕಿತ್ತುಬಂದ ಪುಸ್ತಕಕ್ಕೆ ಮೈದಾ ಅಂಟು ಹಾಕಬೇಡಿ, ಜಿರಳೆ ಬರುತ್ತದೆ, ಫೆವಿಕಾಲ್ ಸಾಕು.